ಹತ್ತು ಪೌಂಡಿನ ಜೇನ್ ಅತ್ತೆ

ಕಳೆದ ಬೇಸಿಗೆಯಲ್ಲಿ ಲಂಡನ್ನಿನಿಂದ ಬಂದಿದ್ದ ನನ್ನ ತಂಗಿಯ ಮಗ, ಹೊರಡುವಾಗ ಜೇಬಿನಲ್ಲಿ ಉಳಿದಿದ್ದ ಹತ್ತು ಪೌಂಡಿನ ಒಂದು ನೋಟನ್ನು ನನ್ನ ಮೊಮ್ಮಗಳ ಕೈಗಿಟ್ಟು ಹೋದ. ಮೂವತ್ತೇಳು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಎದ್ದವನು ನಾನು. ನೋಟು ಕಂಡರೆ ಸಾಕು, ಕೈ ತಾನಾಗಿಯೇ ಅದನ್ನು ಬೆಳಕಿಗೆ ಹಿಡಿಯುತ್ತದೆ. ಇದು ಕಾಗದವಲ್ಲ, ಪ್ಲಾಸ್ಟಿಕ್ಕು. ಒಂದು ಬದಿಯಲ್ಲಿ ರಾಣಿ. ಇನ್ನೊಂದು ಬದಿಯಲ್ಲಿ ತಲೆಗೆ ನೆರಿಗೆ ಟೋಪಿ ಹಾಕಿಕೊಂಡ, ದುಂಡು ಕಣ್ಣಿನ ಒಬ್ಬ ಹೆಂಗಸು.

“ತಾತ, ಇವರೂ ರಾಣಿನಾ?”

“ಅಲ್ಲ ಕಣೇ ಪುಟ್ಟಿ. ಕಾದಂಬರಿ ಬರೀತಿದ್ದೋರು. ಜೇನ್ ಆಸ್ಟಿನ್ ಅಂತ.”

“ಕಥೆ ಬರೆದ್ರೆ ನೋಟಿನ ಮೇಲೆ ಹಾಕ್ತಾರಾ?”

ಈ ಪ್ರಶ್ನೆಯ ಹಿಂದೆ ಸ್ವಾರ್ಥವಿತ್ತು. ಹನ್ನೆರಡು ವರ್ಷದ ನಮ್ಮ ಪುಟ್ಟಿ ಆಗ ತಾನೂ ಒಂದು ಕಾದಂಬರಿ ಬರೆಯುತ್ತಿದ್ದಳು. ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ, ಪ್ಯಾರಿಸ್ ನಗರದ ಒಬ್ಬ ರಾಜಕುಮಾರಿಯ ಪ್ರೇಮಕಥೆ!

ನಾನು ಬಿ.ಕಾಂ. ಓದಿದವನು. ಇಂಗ್ಲಿಷ್ ಕಾದಂಬರಿ ನನಗೆ ಬಂದದ್ದು ನಿವೃತ್ತಿಯಾದ ಮೇಲೆ, ಮೊಣಕಾಲು ನೋವಿನ ಜೊತೆಜೊತೆಗೆ. ಜೇನ್ ಆಸ್ಟಿನ್ ಬರೆದ ಆರು ಕಾದಂಬರಿಗಳನ್ನೂ ಎರಡೆರಡು ಸಲ ಓದಿದ್ದೇನೆ. ಎಲ್ಲವೂ ಮದುವೆಯಲ್ಲಿ ಮುಗಿಯುವ ಪ್ರೇಮಕಥೆಗಳೇ. ಆದರೆ ಯಾವ ಗಂಡಿಗೆ ವರ್ಷಕ್ಕೆ ಎಷ್ಟು ಪೌಂಡು ಆದಾಯ, ಯಾವ ಹೆಣ್ಣಿಗೆ ಎಷ್ಟು ಆಸ್ತಿ ಎಂಬುದನ್ನು ಈಕೆ ಮೊದಲ ಪುಟಗಳಲ್ಲೇ ಹೇಳಿಬಿಡುತ್ತಾಳೆ. ಲೆಕ್ಕ ಗೊತ್ತಿರುವ ಲೇಖಕಿ. ನನಗೆ ಹಿಡಿಸಿದ್ದೇ ಅದು.

ಜೇನ್ ಹುಟ್ಟಿದ್ದು 1775ರ ಡಿಸೆಂಬರ್ 16ರಂದು, ಇಂಗ್ಲೆಂಡಿನ ಹ್ಯಾಂಪ್‌ಷೈರ್ ಸೀಮೆಯ ಸ್ಟೀವನ್‌ಟನ್ ಎಂಬ ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ. ಎಂಟು ಮಕ್ಕಳಲ್ಲಿ ಇವಳು ಏಳನೆಯವಳು. ಆರು ಜನ ಗಂಡುಮಕ್ಕಳು, ಇಬ್ಬರು ಹೆಣ್ಣು. ಅಕ್ಕನ ಹೆಸರು ಕಸಾಂಡ್ರಾ. ಸಂಬಳ ಸಾಲದ್ದಕ್ಕೆ ತಂದೆ ಮನೆಯಲ್ಲೇ ಹುಡುಗರನ್ನು ಇಟ್ಟುಕೊಂಡು ಪಾಠ ಹೇಳುತ್ತಿದ್ದರು. ಮನೆಯಲ್ಲಿ ಐನೂರಕ್ಕೂ ಹೆಚ್ಚು ಪುಸ್ತಕಗಳಿದ್ದವು. ಮಗಳಿಗೆ ಯಾವ ಕಪಾಟಿಗೂ ಬೀಗ ಇರಲಿಲ್ಲ.

ಚರ್ಚಿನ ಮದುವೆ ರಿಜಿಸ್ಟರಿನಲ್ಲಿ ಹೀಗೆ ಬರೆಯಬೇಕೆಂದು ತೋರಿಸುವ ಮಾದರಿ ಪುಟ ಒಂದಿತ್ತು. ಈ ತುಂಟಿ ಅದರಲ್ಲಿ ತನ್ನ ಹೆಸರಿನ ಪಕ್ಕದಲ್ಲಿ ಮೂವರು ಕಾಲ್ಪನಿಕ ಗಂಡಂದಿರನ್ನು ಬರೆದಿಟ್ಟಳು. ಮೊದಲಿನವರಿಬ್ಬರಿಗೆ ಮೈಲುದ್ದದ ಜಮೀನ್ದಾರಿ ಹೆಸರು, ಮೂರನೆಯವನು ಬರೀ ಜ್ಯಾಕ್ ಸ್ಮಿತ್. ಆ ಪುಟ ಇಂದಿಗೂ ಇದೆ. ನಮ್ಮ ಲೆಡ್ಜರಿನಲ್ಲಿ ಯಾರಾದರೂ ಹಾಗೆ ಗೀಚಿದ್ದರೆ ಮೆಮೋ ಗ್ಯಾರಂಟಿ!

ಈಗ ಹತ್ತು ಪೌಂಡಿನ ಕಥೆ. 1803ರಲ್ಲಿ ಜೇನ್ ತನ್ನ ‘ಸೂಸನ್’ ಎಂಬ ಕಾದಂಬರಿಯನ್ನು ಲಂಡನ್ನಿನ ಕ್ರಾಸ್ಬಿ ಎಂಬ ಪ್ರಕಾಶಕನಿಗೆ ಮಾರಿದಳು. ಸಿಕ್ಕಿದ್ದು ಹತ್ತೇ ಪೌಂಡು. ಬರವಣಿಗೆಯಿಂದ ಬಂದ ಮೊದಲ ದುಡ್ಡು ಅದು. ಪುಸ್ತಕ ಬರುತ್ತದೆಂದು ಆತ ಜಾಹೀರಾತು ಕೊಟ್ಟ. ಪುಸ್ತಕ ಮಾತ್ರ ಅಚ್ಚು ಮಾಡಲಿಲ್ಲ. ಆರು ವರ್ಷ ಕಾದು, 1809ರಲ್ಲಿ ಸುಳ್ಳು ಹೆಸರಿನಲ್ಲಿ ಒಂದು ಪತ್ರ ಬರೆದಳು. ಆ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಇಂಗ್ಲಿಷಿನಲ್ಲಿ ‘ಮ್ಯಾಡ್’, ಅಂದರೆ ಸಿಟ್ಟು ನೆತ್ತಿಗೇರಿದೆ ಎಂದರ್ಥ. ಕ್ರಾಸ್ಬಿ ಕಡೆಯಿಂದ ಉತ್ತರ ಬಂತು: ಅಚ್ಚು ಮಾಡಲೇಬೇಕೆಂದು ಕರಾರಿಲ್ಲ, ಬೇಕಿದ್ದರೆ ಕೊಟ್ಟ ಹತ್ತು ಪೌಂಡು ಹಿಂದಿರುಗಿಸಿ ಹಸ್ತಪ್ರತಿ ತೆಗೆದುಕೊಂಡು ಹೋಗಿ.

ಆ ಹತ್ತು ಪೌಂಡಲ್ಲದೆ ಬೇರೆ ಸಂಪಾದನೆಯನ್ನೇ ಕಾಣದ ಕೈ ಅವಳದು. ಸುಮ್ಮನಾದಳು. 1816ರಲ್ಲಿ ಅಣ್ಣ ಹೆನ್ರಿ ಅದೇ ಹತ್ತು ಪೌಂಡು ಕೊಟ್ಟು ಹಸ್ತಪ್ರತಿ ಬಿಡಿಸಿಕೊಂಡು ಬಂದ. ವ್ಯವಹಾರ ಮುಗಿದ ಮೇಲೆ, ಇದು ಆಗಲೇ ಹೆಸರು ಮಾಡಿದ್ದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಬರೆದವರದೇ ಎಂದು ಹೇಳಿದನಂತೆ. ಆ ಪ್ರಕಾಶಕನ ಮುಖ ಹೇಗಾಗಿರಬೇಕು! ‘ನಾರ್ಥಾಂಗರ್ ಅಬಿ’ ಎಂಬ ಹೆಸರಿನಲ್ಲಿ ಆ ಪುಸ್ತಕ ಹೊರಬಂದದ್ದು 1817ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಬರೆದವಳು ತೀರಿಕೊಂಡು ಐದು ತಿಂಗಳಾಗಿತ್ತು.

ಬ್ಯಾಂಕ್ ಆಫ್ ಇಂಗ್ಲೆಂಡ್ ಅವಳ ಚಿತ್ರವಿರುವ ನೋಟನ್ನು ಚಲಾವಣೆಗೆ ತಂದದ್ದು 2017ರಲ್ಲಿ, ಅವಳು ಸತ್ತು ಇನ್ನೂರು ವರ್ಷವಾದಾಗ. ಅದೂ ಹತ್ತು ಪೌಂಡಿನ ನೋಟು! ಯಾರು ಬೇಕೆಂದು ಹಾಗೆ ಮಾಡಿದರೋ ಕಾಕತಾಳೀಯವೋ, ನಾನಂತೂ ಆ ನೋಟನ್ನು ಹಿಡಿದುಕೊಂಡು ಒಬ್ಬನೇ ನಕ್ಕೆ.

ಜೇನ್ ತನ್ನ ಸಂಪಾದನೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದಾಳೆ. ನನ್ನ ಪಾಲಿಗೆ ಅದು ಅವಳ ಏಳನೆಯ ಕೃತಿ. ಸರ್ಕಾರಿ ಸಾಲಪತ್ರದಲ್ಲಿ 600 ಪೌಂಡು, ವರ್ಷಕ್ಕೆ ಶೇಕಡಾ ಐದರಂತೆ ಬಡ್ಡಿ. ಅದಲ್ಲದೆ 13 ಪೌಂಡು 7 ಶಿಲಿಂಗು, 12 ಪೌಂಡು 15 ಶಿಲಿಂಗು, 38 ಪೌಂಡು 18 ಶಿಲಿಂಗು, 19 ಪೌಂಡು 13 ಶಿಲಿಂಗು. ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡು. ಮಕ್ಕಳೇ, ಕೂಡಿ ನೋಡಿ. ರೂಪಾಯಿ-ಆಣೆ-ಪೈ ಕಲಿತ ಅಜ್ಜ-ಅಜ್ಜಿಯರಿದ್ದರೆ ಅವರನ್ನೂ ಪಂದ್ಯಕ್ಕೆ ಕರೆಯಿರಿ. 84 ಪೌಂಡು 13 ಶಿಲಿಂಗು ಬರಬೇಕು.

ಇದರಲ್ಲಿ ಮೊದಲಿನ 13 ಪೌಂಡು 7 ಶಿಲಿಂಗು ಅವಳ ಕೈಸೇರಲೇ ಇಲ್ಲ. ಅದು ಅಣ್ಣ ಹೆನ್ರಿಯ ಬ್ಯಾಂಕಿನಲ್ಲಿತ್ತು. ಆ ಬ್ಯಾಂಕು 1816ರ ಮಾರ್ಚಿನಲ್ಲಿ ಮುಳುಗಿತು. ಜಾಮೀನು ನಿಂತಿದ್ದ ಇನ್ನೊಬ್ಬ ಅಣ್ಣನಿಗೆ ಇಪ್ಪತ್ತು ಸಾವಿರ ಪೌಂಡು, ಸೋದರಮಾವನಿಗೆ ಹತ್ತು ಸಾವಿರ ಪೌಂಡು ನಷ್ಟ. ಹೆನ್ರಿ ಬ್ಯಾಂಕು ಬಿಟ್ಟು ಪಾದ್ರಿಯಾದ. ಜೇನ್ ಅಣ್ಣನ ಮೇಲೆ ಹಗೆ ಸಾಧಿಸಲಿಲ್ಲ. ಉಯಿಲಿನಲ್ಲಿ ಅವನಿಗೆ 50 ಪೌಂಡು ಬರೆದಳು. ಅವನ ಮನೆಯಲ್ಲಿ ಕೆಲಸಕ್ಕಿದ್ದ ಫ್ರೆಂಚ್ ಮುದುಕಿಗೂ 50 ಪೌಂಡು ಬರೆದಳು. ಬ್ಯಾಂಕು ಮುಳುಗಿದಾಗ ಆಕೆಯ ಉಳಿತಾಯವೂ ಹೋಗಿತ್ತೆಂದು ಹೇಳುತ್ತಾರೆ.

ಸರಿ, ಇಷ್ಟು ದುಡ್ಡನ್ನು ತಂದ ಬರವಣಿಗೆ ನಡೆದದ್ದು ಎಲ್ಲಿ? ನೋಟನ್ನು ಮತ್ತೆ ನೋಡಿ. ಹಿನ್ನೆಲೆಯಲ್ಲಿ ಹನ್ನೆರಡು ಮೂಲೆಯ ಒಂದು ವಿನ್ಯಾಸವಿದೆ. ಅದು ಅವಳ ಮೇಜು. 1809ರಿಂದ ತಾಯಿ, ಅಕ್ಕ, ಗೆಳತಿಯೊಬ್ಬಳ ಜೊತೆ ಜೇನ್ ಇದ್ದದ್ದು ಚಾಟನ್ ಎಂಬ ಹಳ್ಳಿಯ ಮನೆಯಲ್ಲಿ. ಆ ಮೇಜು ಎಷ್ಟು ಪುಟ್ಟದೆಂದರೆ ನಮ್ಮ ಊಟದ ತಟ್ಟೆ ಎರಡು ಇಟ್ಟರೆ ಜಾಗ ಮುಗಿಯಿತು. ಪ್ರತ್ಯೇಕ ಕೋಣೆ ಇಲ್ಲ. ಬೆಳಗಿನ ಉಪಾಹಾರ, ಚಹಾ ಸಕ್ಕರೆಯ ಉಸ್ತುವಾರಿ ಅವಳದು; ಉಳಿದ ಮನೆಗೆಲಸ ಅಕ್ಕ ಮತ್ತು ಗೆಳತಿ ನೋಡಿಕೊಳ್ಳುತ್ತಿದ್ದರು. ಆ ಇಬ್ಬರ ಹೆಸರನ್ನೂ ಪುಸ್ತಕದ ಮೇಲೆ ಹಾಕಬೇಕಿತ್ತೆಂದು ನನ್ನಾಕೆಯ ಅಭಿಪ್ರಾಯ.

ಆ ಮನೆಯಲ್ಲಿ ಒಂದು ಬಾಗಿಲು ಕಿರುಗುಟ್ಟುತ್ತಿತ್ತಂತೆ. ರಿಪೇರಿ ಮಾಡಿಸಲು ಜೇನ್ ಬಿಡಲಿಲ್ಲ. ಯಾರಾದರೂ ಬಂದರೆ ಬಾಗಿಲು ಮೊದಲೇ ಕೂಗುತ್ತದೆ. ಅಷ್ಟರಲ್ಲಿ ಬರೆಯುತ್ತಿದ್ದ ಚಿಕ್ಕ ಹಾಳೆಗಳನ್ನು ಒತ್ತುಕಾಗದದ ಅಡಿ ಸೇರಿಸಿಬಿಡಬಹುದು. ಇದನ್ನು ಬರೆದಿಟ್ಟವನು ಅವಳ ಅಣ್ಣನ ಮಗ. ಪುಸ್ತಕಗಳ ಮೇಲೂ ಅವಳ ಬದುಕಿರುವವರೆಗೆ ಹೆಸರು ಬರಲಿಲ್ಲ. 1811ರಲ್ಲಿ ಬಂದ ಮೊದಲ ಪುಸ್ತಕದ ಮೇಲೆ ‘ಒಬ್ಬ ಮಹಿಳೆ’ ಎಂದಷ್ಟೇ ಇತ್ತು. 1813ರ ಜನವರಿಯಲ್ಲಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಅಚ್ಚಾಗಿ ಮನೆಗೆ ಬಂದ ದಿನ, ನೆರೆಯ ಮಿಸ್ ಬೆನ್ ಊಟಕ್ಕೆ ಬಂದಿದ್ದಳು. ತಾಯಿಮಗಳು ಆ ಪುಸ್ತಕವನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದರು. ಬರೆದವಳು ಎದುರಿಗೇ ಕೂತಿದ್ದಾಳೆಂದು ಮಾತ್ರ ಬಾಯಿ ಬಿಡಲಿಲ್ಲ. ಮಿಸ್ ಬೆನ್‌ಗೆ ಕಥೆ ಹಿಡಿಸಿತು. ಆದರೆ ಅಮ್ಮ ಓದುವುದು ತೀರಾ ಅವಸರ, ಪಾತ್ರಗಳು ಮಾತಾಡಬೇಕಾದ ಹಾಗೆ ಮಾತಾಡಿಸಲು ಬರುವುದಿಲ್ಲ ಎಂದು ಜೇನ್ ಅಕ್ಕನಿಗೆ ಪತ್ರದಲ್ಲಿ ಗೊಣಗಿದ್ದಾಳೆ.

ಆ ಕಾಲದಲ್ಲಿ ಅಲ್ಲೂ ಕಾದಂಬರಿ ಓದುವುದೆಂದರೆ ಹೊತ್ತು ಕಳೆಯುವ ಕೀಳು ಚಟ ಎನ್ನುವವರಿದ್ದರು. 1798ರಲ್ಲಿ ಅವಳ ಸೀಮೆಯಲ್ಲಿ ಹೆಂಗಸೊಬ್ಬರು ಚಂದಾ ಲೈಬ್ರರಿ ತೆರೆದು, ನಮ್ಮಲ್ಲಿ ಬರೀ ಕಾದಂಬರಿಗಳಲ್ಲ, ಬೇರೆ ಪುಸ್ತಕಗಳೂ ಇರುತ್ತವೆ ಎಂದು ಸಮಜಾಯಿಷಿ ಕೊಟ್ಟಾಗ ಜೇನ್ ನಕ್ಕಳು: ನಮ್ಮ ಮನೆಮಂದಿಯೆಲ್ಲ ಕಾದಂಬರಿ ಹುಚ್ಚರು, ನಮಗೆ ಅದರಲ್ಲಿ ನಾಚಿಕೆಯೇನೂ ಇಲ್ಲ. 1796ರಲ್ಲಿ ಫ್ಯಾನಿ ಬರ್ನಿ ಎಂಬ ಲೇಖಕಿಯ ‘ಕಮಿಲ್ಲಾ’ ಕಾದಂಬರಿಗೆ ಮುಂಗಡ ಹಣ ಕಟ್ಟಿದವರ ಪಟ್ಟಿಯಲ್ಲಿ ಸ್ಟೀವನ್‌ಟನ್ನಿನ ಮಿಸ್ ಜೆ. ಆಸ್ಟಿನ್ ಹೆಸರು ಅಚ್ಚಾಗಿದೆ. ಬರ್ನಿ, ಮರಾಯ ಎಜ್‌ವರ್ತ್, ಡಾಕ್ಟರ್ ಜಾನ್ಸನ್, ಕವಿ ಕೂಪರ್ ಇವರೆಲ್ಲ ಅವಳ ಮೆಚ್ಚಿನವರು. ರಿಚರ್ಡ್‌ಸನ್ ಬರೆದ ‘ಸರ್ ಚಾರ್ಲ್ಸ್ ಗ್ರಾಂಡಿಸನ್’ ಏಳು ಸಂಪುಟದ ಕಾದಂಬರಿ. ಅದರ ಒಂದೊಂದು ಸಂಗತಿಯೂ ಅವಳಿಗೆ ಬಾಯಿಪಾಠ. ಕವಿಯೆಂದು ಹೆಸರಾಗಿದ್ದ ವಾಲ್ಟರ್ ಸ್ಕಾಟ್ 1814ರಲ್ಲಿ ಕಾದಂಬರಿಗೆ ಕೈಹಾಕಿದಾಗ, ಕೀರ್ತಿಯೂ ದುಡ್ಡೂ ಇರುವವನು ಬಡಪಾಯಿಗಳ ಬಾಯಿಯ ರೊಟ್ಟಿ ಕಿತ್ತುಕೊಳ್ಳುವುದು ಸರಿಯೇ ಎಂದು ಹುಸಿಮುನಿಸು ತೋರಿದಳು. ಇನ್ನು ಮೇಲೆ ಎಜ್‌ವರ್ತ್ ಬರೆದದ್ದು, ನೀನು ಬರೆದದ್ದು, ನಾನು ಬರೆದದ್ದು ಬಿಟ್ಟರೆ ಬೇರೆ ಕಾದಂಬರಿ ಮೆಚ್ಚುವುದಿಲ್ಲ ಎಂದು ಶಪಥ ಮಾಡಿದಳು.

ಇಲ್ಲಿ ‘ನೀನು’ ಎಂದರೆ ಯಾರು? ಅಣ್ಣನ ಮಗಳು ಆನಾ. ಜೇನ್ ಮದುವೆಯಾಗಲಿಲ್ಲ. ಅಣ್ಣತಮ್ಮಂದಿರ ಮಕ್ಕಳಿಗೆಲ್ಲ ಅವಳೇ ಜೇನ್ ಅತ್ತೆ. ಒಬ್ಬ ಪುಟ್ಟ ಸೊಸೆಗೆ ಹೊಸ ವರ್ಷಕ್ಕೆ ಪ್ರತಿ ಪದವನ್ನೂ ತಿರುವುಮುರುವಾಗಿ ಬರೆದು ಪತ್ರ ಕಳಿಸಿದ್ದಳು. ನಮ್ಮ ಭಾಷೆಯಲ್ಲಾದರೆ ‘ಸಹೊ ದರ್ಷವ ಯಶಭಾಶು’ ಅಂದ ಹಾಗೆ!

ಆನಾ ಕಾದಂಬರಿ ಬರೆದು ಕಂತುಕಂತಾಗಿ ಅತ್ತೆಗೆ ಕಳಿಸುತ್ತಿದ್ದಳು. ಅತ್ತೆ ಕಳಿಸಿದ ತಿದ್ದುಪಡಿಗಳು ಬಹಳ ಸೊಗಸು. ನಿನ್ನ ಪಾತ್ರಗಳು ಐರ್ಲೆಂಡಿಗೆ ಹೋಗಲಿ, ನೀನು ಮಾತ್ರ ಅವರ ಹಿಂದೆ ಹೋಗಬೇಡ, ಅಲ್ಲಿನ ನಡೆನುಡಿ ನಿನಗೆ ಗೊತ್ತಿಲ್ಲ. ಇಂಥ ಊರಿಗೂ ಇಂಥ ಊರಿಗೂ ನಲವತ್ತು ಮೈಲಿ, ಅಲ್ಲಿಯವರ ಸುದ್ದಿ ಇಲ್ಲಿ ಯಾರೂ ಆಡುವುದಿಲ್ಲ. ತೋಳು ಮುರಿದುಕೊಂಡವನು ಮಾರನೆಯ ದಿನವೇ ಕುದುರೆ ಲಾಯಕ್ಕೆ ನಡೆದುಹೋಗುವುದನ್ನು ಹೊಡೆದುಹಾಕಿದ್ದೇನೆ. ನಿಮ್ಮಪ್ಪ ನಿಜವಾಗಿ ಹಾಗೇ ಹೋಗಿದ್ದರೂ ಪುಸ್ತಕದಲ್ಲಿ ಅದು ನಂಬುವಂತಿರುವುದಿಲ್ಲ. ಹಳ್ಳಿಯ ಮೂರು ನಾಲ್ಕು ಕುಟುಂಬ ಸಿಕ್ಕರೆ ಸಾಕು, ಬರೆಯಲು ಬೇಕಾದದ್ದು ಅಷ್ಟೇ.

ಇದನ್ನೆಲ್ಲ ಪುಟ್ಟಿಗೆ ಹೇಳಿದೆ. ಪ್ಯಾರಿಸ್ಸಿನ ರಾಜಕುಮಾರಿಗೆ ಅಲ್ಲಿಗೇ ಆಯುಷ್ಯ ಮುಗಿಯಿತು. ಅವಳು ಬೇಜಾರೇನೂ ಮಾಡಿಕೊಳ್ಳಲಿಲ್ಲ. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು.

ಆನಾಳ ತಂಗಿ ಕ್ಯಾರೊಲಿನ್. ಅವಳಿಗೂ ಕಥೆ ಬರೆಯುವ ಗೀಳು. 1817ರ ಮೇ ತಿಂಗಳಲ್ಲಿ ಕಾಯಿಲೆ ಹೆಚ್ಚಾಗಿ ಜೇನ್‌ಳನ್ನು ಚಿಕಿತ್ಸೆಗೆಂದು ವಿಂಚೆಸ್ಟರ್ ಊರಿಗೆ ಕರೆದೊಯ್ದರು. ಅಲ್ಲಿಂದ ಅವಳು ಕ್ಯಾರೊಲಿನ್‌ಗೆ ಒಂದು ಮಾತು ಹೇಳಿಕಳಿಸಿದಳು: ನನ್ನ ಮಾತು ಕೇಳುವುದಾದರೆ ಹದಿನಾರು ವರ್ಷ ತುಂಬುವವರೆಗೆ ಬರೆಯುವುದನ್ನು ನಿಲ್ಲಿಸು, ನಿನ್ನ ವಯಸ್ಸಿನಲ್ಲಿ ನಾನು ಹೆಚ್ಚು ಓದಿ ಕಡಿಮೆ ಬರೆಯಬೇಕಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಕ್ಯಾರೊಲಿನ್‌ಗೆ ಆ ಜೂನಿಗೆ ಹನ್ನೆರಡು ತುಂಬಿತು. ಜುಲೈ 18ರಂದು ಅತ್ತೆ ತೀರಿಕೊಂಡಳು. ಆಗ ಜೇನ್‌ಗೆ ನಲವತ್ತೊಂದು.

ಪುಟ್ಟಿಗೂ ಹನ್ನೆರಡು. ಗಣಿತದಲ್ಲಿ ಅಂಕ ಇಳಿದಿತ್ತು. ಅವಳ ಅಪ್ಪ ಅಮ್ಮನೂ ನನ್ನ ಕಡೆ ನೋಡುತ್ತಿದ್ದರು. ಈ ಪ್ರಸಂಗವನ್ನು ಓದಿ ಹೇಳಿ, “ನೋಡು, ನೋಟಿನ ಮೇಲಿರೋರೇ ಹೇಳಿದ್ದಾರೆ” ಎಂದೆ. ಅವಳು ಏನೂ ಅನ್ನಲಿಲ್ಲ. ಬರೆಯುವುದನ್ನು ನಿಲ್ಲಿಸಿದಳು. ಓದಲೂ ಇಲ್ಲ. ಹತ್ತು ದಿನ ಸಂಜೆ ಟಿವಿ ಮುಂದೆ ಸುಮ್ಮನೆ ಕೂತಿರುತ್ತಿದ್ದಳು.

ನನಗೆ ನಮ್ಮಕ್ಕನ ನೆನಪಾಯಿತು. 1960ರ ಸುಮಾರು. ಅಕ್ಕ ಒಂದು ಉದ್ದನೆಯ ಕಥೆ ಬರೆದು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದಳು. ಅದು ಅಪ್ಪನ ಕೈಗೆ ಸಿಕ್ಕಿತು. ಅಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ. ಮದುವೆಗೆ ಬಂದ ಹುಡುಗಿಗೆ ಇದೆಲ್ಲ ಯಾಕೆ ಎಂದರು, ಅಷ್ಟೇ. ಮಾರನೆಯ ಬೆಳಿಗ್ಗೆ ಅಕ್ಕ ಬಚ್ಚಲೊಲೆಯ ಮುಂದೆ ಕೂತು ಒಂದೊಂದೇ ಹಾಳೆ ಹಾಕಿದಳು. ನನಗೆ ಎಂಟೋ ಒಂಬತ್ತೋ. ಹಾಳೆ ಸುರುಳಿಯಾಗಿ ಕಿಡಿ ಹಾರುವುದು ಚೆಂದ ಕಾಣುತ್ತಿತ್ತು. ನಾನೂ ಎರಡು ಹಾಳೆ ಹಾಕಿದೆ. ಅದರಲ್ಲಿ ಏನಿತ್ತೋ, ಅಕ್ಕ ಎಂದೂ ಹೇಳಲಿಲ್ಲ. ಈಗ ಅವಳಿಲ್ಲ.

ಆನಾ ಕೂಡ ತನ್ನ ಕಾದಂಬರಿಯನ್ನು ಸುಟ್ಟಳು. ಅತ್ತೆ ಹೋದ ಮೇಲೆ ಅದನ್ನು ಮುಗಿಸಲು ಅವಳಿಗೆ ಮನಸ್ಸು ಬರಲಿಲ್ಲ. ವರ್ಷಗಳ ನಂತರ ಒಲೆಗೆ ಹಾಕಿದಾಗ ಅವಳ ಪುಟ್ಟ ಮಗಳು ನೆಲಹಾಸಿನ ಮೇಲೆ ಕೂತು ಕಿಡಿಗಳನ್ನು ನೋಡಿ ಖುಷಿಪಟ್ಟಳಂತೆ. ಈ ಸಾಲು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ಒಂದು ಸುತ್ತು ನಡೆದು ಬಂದೆ.

ಆಮೇಲೆ ಲೆಕ್ಕವನ್ನು ಸರಿಯಾಗಿ ತಾಳೆ ನೋಡಿದೆ. ಹನ್ನೆರಡರಲ್ಲಿ ಜೇನ್ ಏನು ಮಾಡುತ್ತಿದ್ದಳು? ಬರೆಯುತ್ತಿದ್ದಳು! ಹನ್ನೊಂದು ಹನ್ನೆರಡರಿಂದ ಹದಿನೇಳರವರೆಗೆ ಬರೆದದ್ದನ್ನು ಮೂರು ನೋಟ್‌ಬುಕ್ಕುಗಳಲ್ಲಿ ತಾನೇ ಪ್ರತಿ ಮಾಡಿಟ್ಟಿದ್ದಾಳೆ. ಎರಡನೆಯದನ್ನು ಕೊಡಿಸಿದವರು ಅಪ್ಪ. ಮೂರನೆಯದರಲ್ಲಿ ಇದು ಬಹು ಎಳೆಯ ಹುಡುಗಿಯೊಬ್ಬಳ ಹೊಸ ಬಗೆಯ ಕಥೆಗಳು ಎಂದು ಅಪ್ಪನೇ ಕೈಯಾರೆ ಬರೆದಿದ್ದಾರೆ. ಹದಿನಾಲ್ಕರಲ್ಲಿ ಬರೆದ ‘ಲವ್ ಅಂಡ್ ಫ್ರೆಂಡ್‌ಶಿಪ್’ ಕಥೆಯ ಹೆಸರಿನಲ್ಲೇ ಕಾಗುಣಿತ ತಪ್ಪು. ಹದಿನೈದರಲ್ಲಿ ಇಂಗ್ಲೆಂಡಿನ ಒಂದು ತಮಾಷೆ ಚರಿತ್ರೆ ಬರೆದಳು. ಈ ಚರಿತ್ರೆಯಲ್ಲಿ ಇಸವಿಗಳು ತೀರಾ ಕಡಿಮೆ ಎಂದು ಮೊದಲೇ ಎಚ್ಚರಿಕೆ! ಚಿತ್ರ ಬಿಡಿಸಿದವಳು ಅಕ್ಕ. ಇನ್ನೊಂದು ವಿಷಯ: ಬರೆಯಬೇಡ ಎಂದು ಕ್ಯಾರೊಲಿನ್‌ಗೆ ಹೇಳಿಕಳಿಸಿದ ಅದೇ ವಿಂಚೆಸ್ಟರಿನ ಮಂಚದ ಮೇಲೆ, ಸಾಯುವುದಕ್ಕೆ ಮೂರು ದಿನ ಮುಂಚೆ, ಕುದುರೆ ರೇಸು ಮತ್ತು ಮಳೆಯ ಮೇಲೆ ಜೇನ್ ಒಂದು ನಗೆಪದ್ಯ ಕಟ್ಟಿದ್ದಳು.

ಕಾಯಿಲೆಯಲ್ಲಿದ್ದ ಅತ್ತೆ ಕಳಿಸಿದ ಮಾತು ಸುಳ್ಳಲ್ಲ. ಹೆಚ್ಚು ಓದಬೇಕಿತ್ತೆಂದು ಅವಳಿಗೆ ನಿಜವಾಗಿಯೂ ಅನ್ನಿಸಿರಬೇಕು. ಆದರೆ ನಾನು ಚೀಟಿಯ ಒಂದೇ ಬದಿ ನೋಡಿ ಹಣ ಪಾವತಿ ಮಾಡಿದ್ದೆ.

ಎಲ್ಲವನ್ನೂ ಪುಟ್ಟಿಗೆ ಹೇಳಿ, ತಾತನದು ತಪ್ಪಾಯ್ತು ಎಂದೆ. ಇನ್ನೂರು ಪುಟದ ಗೆರೆಯಿಲ್ಲದ ಪುಸ್ತಕವೊಂದನ್ನು ಕೊಟ್ಟೆ. ಒಂದು ಕರಾರು ಹಾಕಿದೆ: ದಿನಕ್ಕೆ ಒಂದು ಪುಟ ಬರೆದರೆ ಹತ್ತು ಪುಟ ಓದಬೇಕು. ಚೌಕಾಸಿ ಮಾಡಿ ಐದಕ್ಕೆ ಇಳಿಸಿದಳು.

ಏನು ಓದಬೇಕೆಂದು ಕೇಳುವವರಿಗೆ ನನ್ನ ಶಿಫಾರಸು: ಇಂಗ್ಲಿಷ್ ಓದಬಲ್ಲ ಮಕ್ಕಳು ಆ ತಮಾಷೆ ಚರಿತ್ರೆಯಿಂದ ಶುರು ಮಾಡಲಿ, ನಕ್ಕು ಮುಗಿದ ಮೇಲೆ ‘ಪ್ರೈಡ್ ಅಂಡ್ ಪ್ರೆಜುಡಿಸ್’ಗೆ ಬರಲಿ. ನನ್ನ ವಯಸ್ಸಿನವರಿಗೆ ‘ಪರ್‌ಸುಯೇಶನ್’. ಅದರ ನಾಯಕಿಗೆ ಇಪ್ಪತ್ತೇಳು. ಎಂಟು ವರ್ಷದ ಹಿಂದೆ, ಅವಳನ್ನು ತುಂಬ ಪ್ರೀತಿಸುವ ಹಿರಿಯರೊಬ್ಬರು ಒಳ್ಳೆಯದಕ್ಕೆಂದೇ ಹೇಳಿದ ಮಾತು ಕೇಳಿ ಮೆಚ್ಚಿದ ಹುಡುಗನನ್ನು ಬಿಟ್ಟುಕೊಟ್ಟಿರುತ್ತಾಳೆ. ಮುಂದಿನದನ್ನು ನೀವೇ ಓದಿ. ನಾನು ಅದನ್ನು ಮೂರನೆಯ ಸಲ ಹಿಡಿದಿದ್ದೇನೆ.

ನೋಟಿನ ಮೇಲೆ ಅವಳ ಕಾದಂಬರಿಯಿಂದ ತೆಗೆದ ಒಂದು ಸಾಲೂ ಇದೆ, ಓದುವಂಥ ಸುಖ ಬೇರೆ ಇಲ್ಲ ಎಂಬರ್ಥದ್ದು. ಅದು ‘ಪ್ರೈಡ್ ಅಂಡ್ ಪ್ರೆಜುಡಿಸ್’ನ 11ನೆಯ ಅಧ್ಯಾಯದ್ದು. ಹೇಳುವವಳು ಮಿಸ್ ಬಿಂಗ್ಲಿ. ಅವಳಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ. ಡಾರ್ಸಿ ಸಾಹೇಬರನ್ನು ಮೆಚ್ಚಿಸಲು, ಅವರು ಓದುತ್ತಿದ್ದ ಪುಸ್ತಕದ ಎರಡನೆಯ ಭಾಗ ಕೈಗೆತ್ತಿಕೊಂಡು ಆಕಳಿಸುತ್ತ ಈ ಮಾತು ಆಡುತ್ತಾಳೆ, ಸ್ವಲ್ಪ ಹೊತ್ತಿಗೆ ಪುಸ್ತಕ ಬಿಸಾಡುತ್ತಾಳೆ. ನೋಟು ಹೊರಬಂದಾಗ ಓದುಗರು ಇದನ್ನು ಎತ್ತಿ ಆಡಿ ನಕ್ಕರು. ಪುಟ್ಟಿಗೆ ಇದು ಎಷ್ಟು ಹಿಡಿಸಿತೆಂದರೆ, ನೋಟನ್ನು ಅದೇ ಪುಟದಲ್ಲಿ ಗುರುತಿಗೆ ಇಟ್ಟಿದ್ದಾಳೆ. ಬದಲಾಯಿಸಿ ರೂಪಾಯಿ ಮಾಡಿಕೊಡುತ್ತೇನೆಂದರೂ ಬೇಡವಂತೆ.

ಅವಳ ಹೊಸ ಕಾದಂಬರಿ ನಮ್ಮ ಬೀದಿಯ ಮೂರು ಮನೆಗಳದ್ದು. ಮೊನ್ನೆ ಭಾನುವಾರ ಮೊದಲ ಅಧ್ಯಾಯ ಕೊಟ್ಟು, “ಅಜ್ಜಿಗೆ ಓದಿ ಹೇಳು ತಾತ, ಯಾರು ಬರೆದದ್ದು ಅಂತ ಹೇಳಬೇಡ” ಎಂದಳು. ನನ್ನಾಕೆ ಅಡುಗೆಮನೆಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತ ಕೇಳಿದಳು. ಮುಗಿದ ಮೇಲೆ, “ಆ ಮೂಲೆಮನೆ ಹುಡುಗಿ ಕೊಡೆ ವಾಪಸ್ ಕೊಟ್ಟಳೋ ಇಲ್ಲವೋ?” ಎಂದಳು. ಪುಟ್ಟಿ ಬಾಗಿಲ ಹಿಂದೆ ನಿಂತಿದ್ದಳು. ಹೊರಗೆ ಬಂದವಳೇ ನನ್ನ ಮೇಲೆ ಮುನಿಸಿಕೊಂಡಳು: ನಾನು ತೀರಾ ಅವಸರವಾಗಿ ಓದಿದೆನಂತೆ, ಕೊಡೆಯ ಜಾಗದಲ್ಲಿ ದನಿ ಇಳಿಸಬೇಕಿತ್ತಂತೆ.